ಥ್ರೆಡ್ ಕೌಂಟ್: ಬೆಡ್‌ಶೀಟಿನ ಎಳೆ ಲೆಕ್ಕ

ಬೆಡ್‌ಶೀಟಿನ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಸಂಖ್ಯೆಯೇ ಥ್ರೆಡ್ ಕೌಂಟ್. ಒಂದು ಚದರ ಇಂಚು ಬಟ್ಟೆಯಲ್ಲಿ ಉದ್ದಕ್ಕೆ ಸಾಗುವ ಹಾಸಿನ ಎಳೆಗಳನ್ನೂ ಅಡ್ಡಕ್ಕೆ ಸಾಗುವ ಹೊಕ್ಕಿನ ಎಳೆಗಳನ್ನೂ ಎಣಿಸಿ ಕೂಡಿದರೆ ಬರುವ ಮೊತ್ತ ಅದು. ಹಾಸು 110, ಹೊಕ್ಕು 90 ಇದ್ದರೆ ಥ್ರೆಡ್ ಕೌಂಟ್ 200. ಹತ್ತಿ ಎಂಥದ್ದು, ನೂಲು ಎಷ್ಟು ಗಟ್ಟಿ, ನಾಲ್ಕು ಸಲ ಒಗೆದ ಮೇಲೆ ಬಟ್ಟೆ ಹೇಗಿದ್ದೀತು ಎಂಬ ಬಗ್ಗೆ ಈ ಸಂಖ್ಯೆ ತುಟಿ ಬಿಚ್ಚುವುದಿಲ್ಲ.

ಎಳೆಗಳು ಒತ್ತಾಗಿರಬೇಕಾದರೆ ನೂಲು ಸಣ್ಣದಿರಲೇಬೇಕು. ಹಾಗಾಗಿ ಒಂದು ಮಟ್ಟದವರೆಗೆ ಸಂಖ್ಯೆ ಏರಿದಷ್ಟೂ ಬಟ್ಟೆ ನಯವಾಗುವುದು ನಿಜ. ಆಮೇಲೆ ಲೆಕ್ಕ ಕೈಕೊಡುತ್ತದೆ. 1000 ಎಂದರೆ ಎರಡೂ ದಿಕ್ಕಿಗೆ ಸರಿಸುಮಾರು 500 ಎಳೆ ಎಂದಿಟ್ಟುಕೊಳ್ಳಿ. ಒಂದು ಇಂಚು 25.4 ಮಿಲಿಮೀಟರ್; ಅಲ್ಲಿಗೆ ಒಂದೊಂದು ಎಳೆಗೆ ಸಿಗುವ ಜಾಗ ಸುಮಾರು 0.05 ಮಿಲಿಮೀಟರ್. ಹತ್ತಿಯ ಒಂದೇ ಒಂದು ನಾರಿನ ದಪ್ಪವೇ 0.012ರಿಂದ 0.02 ಮಿಲಿಮೀಟರ್ ಇರುತ್ತದೆ. ಅಂದರೆ ಮೂರು ನಾಲ್ಕು ನಾರುಗಳು ಪಕ್ಕಪಕ್ಕ ನಿಲ್ಲುವಷ್ಟು ಜಾಗದಲ್ಲಿ, ಹತ್ತಾರು ನಾರು ಸೇರಿಸಿ ನೂತ ಇಡೀ ನೂಲು ಕೂರಬೇಕು. ಅಡ್ಡ ಎಳೆ ನುಸುಳುವುದಕ್ಕೆ ಬೇಕಾದ ಸಂದು ಬೇರೆ.

ಹಾಗಾದರೆ 1000 ಎಲ್ಲಿಂದ ಬಂತು? ಹೆಚ್ಚಿನ ಸಲ ಹುರಿಯಿಂದ. ಎರಡು ಸಣ್ಣ ನೂಲುಗಳನ್ನು ಹೊಸೆದು ಒಂದು ಎರಡೆಳೆ ನೂಲು ಮಾಡುತ್ತಾರೆ. ಮಗ್ಗಕ್ಕೆ ಅದು ಒಂದೇ ಎಳೆ. ಮಾರುವವರ ಲೆಕ್ಕದಲ್ಲಿ ಎರಡು. ಹೀಗೆ 300ರ ಬಟ್ಟೆ ಕಣ್ಣೆದುರೇ 600 ಆಗುತ್ತದೆ, ನಾಲ್ಕೆಳೆಯಾದರೆ 1200! ಎಷ್ಟು ಎಳೆ ಹೊಸೆದಿದ್ದರೂ ನೂಲನ್ನು ಒಂದೆಂದೇ ಎಣಿಸಬೇಕು ಎನ್ನುತ್ತದೆ, ಪರೀಕ್ಷಾ ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಡಿ3775 ಮಾನದಂಡ. ಹುರಿಯನ್ನು ಬಿಡಿಸಿ ಎಣಿಸಿದ ಸಂಖ್ಯೆ ಗ್ರಾಹಕರ ದಾರಿ ತಪ್ಪಿಸಬಹುದು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಅಧಿಕಾರಿಗಳು 2005ರಲ್ಲೇ ಬರೆದಿದ್ದರು. ಪೊಟ್ಟಣದ ಮೇಲಿನ ಅಂಕಿ ಅದರಿಂದೇನೂ ಕುಗ್ಗಲಿಲ್ಲ. ಹೀಗೆ ಉಬ್ಬಿಸಿದ ಬಟ್ಟೆ ಕೈಗೆ ತೂಕವಾಗಿ ಸಿಗುತ್ತದೆ, ಗಾಳಿಯಾಡುವುದು ಕಡಿಮೆ, ಒಣಗುವುದೂ ನಿಧಾನ.

ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ನಾರಿನ ಉದ್ದ. ಉದ್ದ ನಾರಿನ ಹತ್ತಿಯಲ್ಲಿ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆ. ಗಿಡ್ಡ ನಾರಿನದ್ದಾದರೆ ಒಗೆದು ಒಗೆದು ಮೇಲೆಲ್ಲ ಗುಂಜು ಏಳುತ್ತದೆ. ಉದ್ದ ನಾರಿನ ಹತ್ತಿಯಿಂದ ಒಂಟಿ ಎಳೆಯಲ್ಲಿ ನೇಯ್ದ 250ರ ಬೆಡ್‌ಶೀಟು, ಹುರಿಯಿಂದ ಉಬ್ಬಿದ 800ಕ್ಕಿಂತ ಎಷ್ಟೋ ಮೇಲು. ಅಂಗಡಿಯಲ್ಲಿ ಸವರಿ ನೋಡಿದ ನುಣುಪನ್ನೂ ಪೂರ್ತಿ ನಂಬಬೇಡಿ. ಹೊಸ ಬಟ್ಟೆಗೆ ಹಚ್ಚಿದ ಸಿಲಿಕೋನ್ ಲೇಪವೂ ಅಂಥ ನುಣುಪು ಕೊಡುತ್ತದೆ, ಒಗೆದಂತೆ ಅದು ಹೋಗುತ್ತದೆ.

ನೇಯ್ಗೆಯೂ ಲೆಕ್ಕಕ್ಕೆ ಬರುತ್ತದೆ. ಎಳೆ ಒಂದರ ಮೇಲೆ, ಒಂದರ ಕೆಳಗೆ ಹಾಯ್ದರೆ ಪರ್ಕೇಲ್: ಗರಿಗರಿ, ತಂಪು. 200ರಿಂದ 300ರ ಆಸುಪಾಸಿನಲ್ಲೇ ಅದು ಚೆನ್ನಾಗಿರುತ್ತದೆ. ನಾಲ್ಕರ ಮೇಲೆ ತೇಲಿ ಒಂದರ ಕೆಳಗೆ ನುಸುಳಿದರೆ ಸ್ಯಾಟೀನ್: ಹೊಳಪು, ಮೆದು, ಸ್ವಲ್ಪ ಬೆಚ್ಚಗೆ. ತೇಲುವ ಎಳೆಗಳನ್ನು ಒತ್ತೊತ್ತಾಗಿ ಕೂರಿಸಬಹುದಾದ್ದರಿಂದ ಇದರ ಸಂಖ್ಯೆ ಸಹಜವಾಗಿಯೇ ಹೆಚ್ಚು. ಉಗುರಿಗೆ ಸಿಕ್ಕಿ ಎಳೆ ಹೊರಬರುವ ಸಂಭವವೂ ಹೆಚ್ಚು. ಪರ್ಕೇಲಿನ 250ನ್ನು ಸ್ಯಾಟೀನಿನ 400ರ ಎದುರು ನಿಲ್ಲಿಸಿ ಹೋಲಿಸುವುದರಲ್ಲಿ ಅರ್ಥವಿಲ್ಲ.

ಲಿನನ್ ನೂಲು ಸಹಜವಾಗಿಯೇ ದಪ್ಪ, 100ರ ಆಸುಪಾಸಿನ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ. ಮೇಲ್ಮೈ ಉಜ್ಜಿ ಮೆತ್ತಗೆ ಮಾಡಿದ ಫ್ಲಾನೆಲ್ ಬಟ್ಟೆ ಕೊಳ್ಳುವಾಗ ಕೇಳಬೇಕಾದದ್ದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಪಾಲಿಯೆಸ್ಟರ್ ಮೈಕ್ರೋಫೈಬರ್ (ಅತಿ ಸಣ್ಣ ಕೃತಕ ನಾರು) ಬೆಡ್‌ಶೀಟಿನ ಮೇಲೆ 1500 ಎಂದು ಬರೆದಿದ್ದರೆ ಅದನ್ನು ಓದದೆ ಮುಂದೆ ಹೋಗಬಹುದು.