ಮಹಾಮಾರಿ ‘ಮುಗಿಯಿತು’ ಅಂದರೆ ಏನು ಮುಗಿಯಿತು?

ಕೊರೊನಾ ಕಾಲದಲ್ಲಿ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಕೊರೊನಾ ಪರೀಕ್ಷೆಯ ವರದಿ ಹಿಡಿದು ನಿಂತವರ ಬಾಯಲ್ಲಿ ಒಂದೇ ಮಾತು: ‘ಇದು ಯಾವಾಗ ಮುಗೀತದೆ?’ ಅದಕ್ಕೆ ತಿಂಗಳು, ತಾರೀಕು ಹೇಳಿದ ಎಷ್ಟೋ ಭವಿಷ್ಯಗಳು ಸುಳ್ಳಾದವು. ತೊಡಕಿದ್ದದ್ದು ‘ಮುಗಿಯುವುದು’ ಅನ್ನೋ ಪದದಲ್ಲೇ.

ನಮ್ಮ ಕಡೆ ಹಿಂದೆಲ್ಲ ಮಾರಿಯನ್ನು ಊರ ಗಡಿ ದಾಟಿಸುತ್ತಿದ್ದರು. ಗಡಿ ದಾಟಿದರೆ ಈ ಊರಿನ ಭಯ ಕಳೆಯಿತು, ಅಷ್ಟೇ. ಮಾರಿ ಸತ್ತಳು ಅಂತ ಯಾರೂ ಹೇಳುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ‘ಮುಗಿಯಿತು’ ಕೂಡ ಹೆಚ್ಚುಕಡಿಮೆ ಹಾಗೇ. ಸಂಸ್ಥೆ 2020ರ ಜನವರಿ 30ರಂದು ಜಾಗತಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಮಾರ್ಚ್ 11ರಂದು ಇದು ‘ಪ್ಯಾಂಡೆಮಿಕ್’, ಅಂದರೆ ದೇಶ ದೇಶಗಳಿಗೆ ಹಬ್ಬಿದ ಮಹಾಮಾರಿ ಎಂದಿತು. 2023ರ ಮೇ 5ರಂದು ಹಿಂದಕ್ಕೆ ಪಡೆದದ್ದು ತುರ್ತುಸ್ಥಿತಿಯನ್ನು ಮಾತ್ರ. ರೋಗದ ಅಪಾಯ ಹೋಗಿಲ್ಲ ಅಂತ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವತ್ತೇ ಹೇಳಿದ್ದರು.

ಹಾಗಾದರೆ ಆ ದಿನವನ್ನು ಮೊದಲೇ ಊಹಿಸಬಹುದಾ? ಸ್ವಲ್ಪ ಮಟ್ಟಿಗೆ. ಆದರೆ ಬರೀ ಕೇಸುಗಳ ಲೆಕ್ಕ ನೋಡಿ ಸಾಧ್ಯವಿಲ್ಲ. ಸಂಸ್ಥೆಯ ತಜ್ಞರ ಸಮಿತಿಯೊಂದು ಸುಮಾರು ಮೂರು ತಿಂಗಳಿಗೊಮ್ಮೆ ಸೇರುತ್ತಿತ್ತು. ಸಾವು ಇಳಿದಿದೆಯಾ, ಆಸ್ಪತ್ರೆಗಳ ಹೊರೆ ತಗ್ಗಿದೆಯಾ, ಲಸಿಕೆಯಿಂದಲೋ ಸೋಂಕಿನಿಂದಲೋ ಜನರಿಗೆ ರೋಗ ತಡೆಯುವ ಶಕ್ತಿ ಬಂದಿದೆಯಾ ಅಂತ ನೋಡುತ್ತಿತ್ತು. 2023ರ ಜನವರಿಯಲ್ಲೇ ‘ಬದಲಾವಣೆಯ ಘಟ್ಟಕ್ಕೆ ಬಂದಿರಬಹುದು’ ಅನ್ನೋ ಮಾತು ಬಂತು. ಆದರೂ ಆಗ ತುರ್ತುಸ್ಥಿತಿ ತೆಗೆಯಲಿಲ್ಲ. ಕೊನೆಗೆ ಇದು ಮನುಷ್ಯರು ಕೂತು ಮಾಡುವ ತೀರ್ಮಾನ ಅಲ್ವಾ? ವೈರಸ್ಸಿಗೆ ಆ ತಾರೀಕು ಗೊತ್ತಿಲ್ಲ.

ನಿಜವಾಗಿ ಮುಗಿದದ್ದು ಸಿಡುಬು. 1980ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತು ಎಂದು ಸಾರಿದರು. 2009ರ ಎಚ್1ಎನ್1 (ಹಂದಿಜ್ವರ) ಕಥೆ ಬೇರೆ. ಅದರ ಮಹಾಮಾರಿ ಮುಗಿಯಿತು ಎಂದು 2010ರ ಆಗಸ್ಟ್‌ನಲ್ಲಿ ಹೇಳಿದರು. ಆ ವೈರಸ್ ಈಗಲೂ ಫ್ಲೂ ಆಗಿ ಬರುತ್ತಲೇ ಇದೆ.

ಹೀಗೆ ಉಳಿದುಹೋಗುವ ರೋಗಕ್ಕೆ ‘ಎಂಡೆಮಿಕ್’ ಅನ್ನುತ್ತಾರೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಂಡೆಮಿಕ್ ಅಂದರೆ ಸೌಮ್ಯ ಅಂತಲ್ಲ, ಒಂದು ಜಾಗದಲ್ಲಿ ನೆಲೆ ಊರಿದೆ ಅಂತ. ಇದನ್ನು ಉತ್ತರ ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಜೀವ ತೆಗೆಯುತ್ತದೆ. ಅದು ಮುಗಿಯಿತು ಎಂದು ಯಾರೂ ಘೋಷಿಸಿಲ್ಲ. ಚಳಿಗಾಲ ಬಂತೆಂದರೆ ಸಿದ್ದಾಪುರದ ಕಡೆ ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆಗೆ) ಕಾಡಿಗೆ ಹೋಗುವವರು ಮೈಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಂಡೇ ಹೊರಡಬೇಕು. ಮನೆಗೆ ಬಂದವರೇ ಮೈಮೇಲೆ ಉಣುಗು ಇದೆಯಾ ಅಂತ ನೋಡಿಕೊಳ್ಳಬೇಕು.