ಕೈತೋಟದ ಗುತ್ತಿಗೆ: ಕೊಟೇಶನ್ನು ಎಲ್ಲಿ ಸೋರುತ್ತದೆ

"ಸಾರ್, ಕೆಳಗೆ ಬರೀ ಡೆಬ್ರಿಸ್ ಸಿಗ್ತಾ ಇದೆ. ಇನ್ನೂ ನಾಲ್ಕು ಲೋಡ್ ಮಣ್ಣು ಬೇಕಾಗುತ್ತೆ."

ಬೆಂಗಳೂರಿನಲ್ಲಿ ಮನೆ ಮುಂದೆ ಲಾನ್ ಮಾಡಿಸಲು ಹೊರಟವರು ಕೆಲಸ ಶುರುವಾದ ಎರಡು ಮೂರು ದಿನಕ್ಕೇ ಕೇಳುವ ಮಾತಿದು. ಡೆಬ್ರಿಸ್ ಎಂದರೆ ಮನೆ ಕಟ್ಟುವಾಗ ಉಳಿದ ಇಟ್ಟಿಗೆ, ಸಿಮೆಂಟಿನ ಕಸ. ಮುಂದಿನ ವಾರ ಪೈಪು ಸಾಲದು ಎನ್ನುತ್ತಾರೆ. ಆಮೇಲೆ ಗಿಡದ ರೇಟು ಏರಿರುತ್ತದೆ. ಕೊನೆಗೆ ಟ್ಯಾಂಕರ್ ನೀರಿನ ಲೆಕ್ಕ ಬರುತ್ತದೆ. ಎರಡೂವರೆ ಲಕ್ಷಕ್ಕೆ ಒಪ್ಪಿದ ಕೆಲಸ ನಾಲ್ಕು ಲಕ್ಷಕ್ಕೆ ಹೋಗಿ ನಿಂತಾಗ ಮನೆಯವರಿಗೆ ಮೋಸ ಹೋದೆವು ಅನಿಸುತ್ತದೆ, ಗುತ್ತಿಗೆದಾರನಿಗೆ ಕೈಯಿಂದ ಹಾಕಿದೆ ಅನಿಸುತ್ತದೆ. ಎಷ್ಟೋ ಸಲ ಇಬ್ಬರ ಮಾತೂ ಸುಳ್ಳಲ್ಲ. ಕೊಟೇಶನ್ನಿನಲ್ಲಿ ಮೊತ್ತ ಇತ್ತು, ಅಳತೆ ಇರಲಿಲ್ಲ. "ಕೆಂಪು ಮಣ್ಣು, ಗೊಬ್ಬರ ಸಹಿತ ಲಾನ್ ಮತ್ತು ಗಿಡಗಳು, ಒಟ್ಟು ಇಷ್ಟು" ಎಂಬ ಒಂದು ಸಾಲಿನ ಆಧಾರದಲ್ಲಿ ಯಾವುದು ಹೆಚ್ಚುವರಿ, ಯಾವುದು ಮೊದಲೇ ಸೇರಿತ್ತು ಎಂದು ಯಾರೂ ಹೇಳಲಾರರು.

ಹಾಗಾಗಿ ಹೆಚ್ಚುವರಿ ಹಣ ಕೇಳಿದ ಕೂಡಲೇ ಚೌಕಾಸಿಗೆ ಇಳಿಯಬೇಡಿ. ಮೊದಲು ಒಂದೇ ಪ್ರಶ್ನೆ ಕೇಳಿ: ಹೆಚ್ಚಾದದ್ದು ಪ್ರಮಾಣವೋ, ದರವೋ, ಕೆಲಸವೋ? ಪ್ರಮಾಣ ಹೆಚ್ಚಾಗಿದ್ದರೆ ಟೇಪು ಹಿಡಿದು ಅಳೆಯಬೇಕು. ದರ ಹೆಚ್ಚಾಗಿದ್ದರೆ ಕೊಟೇಶನ್ ಕೊಟ್ಟ ದಿನದ ಬಿಲ್ಲು ಮತ್ತು ಇವತ್ತಿನ ಬಿಲ್ಲು ಎರಡನ್ನೂ ನೋಡಬೇಕು. ಕೆಲಸ ಹೆಚ್ಚಾಗಿದ್ದರೆ ಅದನ್ನು ಯಾರು ಹೇಳಿದ್ದು ಎಂಬುದು ಗೊತ್ತಾಗಬೇಕು. ಮೂರನ್ನೂ ಕಲಸಿ "ಖರ್ಚು ಜಾಸ್ತಿಯಾಯ್ತು" ಎಂದು ಹೇಳಲು ಬಿಟ್ಟರೆ ಜಗಳವೊಂದೇ ಉಳಿಯುತ್ತದೆ.

ಹೆಚ್ಚು ದುಡ್ಡು ಸೋರುವುದು ಮಣ್ಣಿನಲ್ಲಿ, ಅದನ್ನೇ ಬಿಡಿಸಿ ನೋಡೋಣ. 1,200 ಚದರ ಅಡಿಯ ತೋಟ ಎಂದುಕೊಳ್ಳಿ. 800 ಚದರ ಅಡಿ ಲಾನ್, 250 ಗಿಡದ ಪಾತಿ, 150 ಕಲ್ಲುಹಾಸು. ಲಾನಿಗೆ ಅರ್ಧ ಅಡಿ ಮಣ್ಣು ಸಾಕು: 400 ಘನ ಅಡಿ. ಪೊದೆಗಿಡಗಳ ಪಾತಿಗೆ ಒಂದೂವರೆ ಅಡಿ: 375 ಘನ ಅಡಿ. ಒಟ್ಟು 775. ಇದು ಕುಳಿತ ಮೇಲಿನ ಅಳತೆ. ಲಾರಿಯಲ್ಲಿ ಬರುವ ಮಣ್ಣು ಸಡಿಲವಾಗಿರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ತೋಟಗಾರಿಕೆ ದರಪಟ್ಟಿಯಲ್ಲಿ ರಾಶಿ ಹಾಕಿ ಅಳೆದ ಮಣ್ಣಿಗೆ ಶೇ. 20, ಗೊಬ್ಬರಕ್ಕೆ ಶೇ. 8 ಕಳೆದು ಹಣ ಕೊಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಆ ಶೇ. 20ರ ಲೆಕ್ಕದಲ್ಲಿ ನಮಗೆ ಬೇಕಾದ ಸಡಿಲ ಮಿಶ್ರಣ ಸುಮಾರು 970 ಘನ ಅಡಿ.

ಮಿಶ್ರಣ ಎಂಬ ಪದವನ್ನು ಗಮನಿಸಿ. ಮೂರು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಎಂದು ಒಪ್ಪಿದ್ದರೆ 970ರಲ್ಲಿ ಕೆಂಪು ಮಣ್ಣು 580 ಘನ ಅಡಿ ಮಾತ್ರ. ಉಳಿದದ್ದು ಗೊಬ್ಬರ ಮತ್ತು ಮರಳು, ತಲಾ 195ರಷ್ಟು. ಆದರೆ ಬಿಲ್ಲಿನಲ್ಲಿ ಪೂರ್ತಿ ಆಳಕ್ಕೂ ಕೆಂಪು ಮಣ್ಣನ್ನೇ ಹಿಡಿದು, ಅದರ ಮೇಲೆ ಗೊಬ್ಬರ, ಮರಳು ಬೇರೆ ಸೇರಿಸಿರುವುದು ಸಾಮಾನ್ಯ. ಒಂದೇ ಗುಂಡಿಯನ್ನು ಎರಡು ಸಲ ತುಂಬಿಸಿದ ಲೆಕ್ಕ ಅದು.

ಇನ್ನು ಲೋಡ್ ಎನ್ನುವುದು ಅಳತೆಯೇ ಅಲ್ಲ. ಟ್ರ್ಯಾಕ್ಟರಿನದು ಒಂದು, ಚಿಕ್ಕ ಟಿಪ್ಪರಿನದು ಇನ್ನೊಂದು. ಮೊದಲ ಗಾಡಿ ಬಂದಾಗ ಡಬ್ಬದ ಒಳಗಿನ ಉದ್ದ, ಅಗಲ, ಎತ್ತರ ಅಳೆದು ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೊ ತೆಗೆದಿಡಿ. 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಎತ್ತರವಿದ್ದರೆ ತುಂಬಿದ ಗಾಡಿಯಲ್ಲಿ 150 ಘನ ಅಡಿ. ಅದೇ ಗಾಡಿ ಎರಡೇ ಅಡಿ ತುಂಬಿ ಬಂದರೆ 120. ಆ ಲೆಕ್ಕಕ್ಕೆ ನಮ್ಮ ಉದಾಹರಣೆಯ ತೋಟಕ್ಕೆ ಕೆಂಪು ಮಣ್ಣು ನಾಲ್ಕು ತುಂಬು ಲೋಡ್, ಕಲಸುವಾಗ ಕುಗ್ಗುವುದಕ್ಕೆ ಅಂತ ಇನ್ನೊಂದು ಇಟ್ಟುಕೊಳ್ಳಿ. ಹತ್ತು ಲೋಡ್ ಬಿಲ್ಲು ಬಂದಿದ್ದರೆ ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಡೆಬ್ರಿಸ್ ಮಾತು ಮಾತ್ರ ಹೆಚ್ಚಾಗಿ ನಿಜ. ಮನೆ ಕಟ್ಟಿದ ಮೇಸ್ತ್ರಿ ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟು, ಟೈಲ್ಸ್ ಚೂರು ಎಲ್ಲವನ್ನೂ ಸುತ್ತಲಿನ ಜಾಗಕ್ಕೇ ತಳ್ಳಿ ಮೇಲೆ ನಾಲ್ಕು ಇಂಚು ಮಣ್ಣು ಎಳೆದಿರುತ್ತಾನೆ. ಅದರ ಮೇಲೆ ಹುಲ್ಲು ಹಾಸಿದರೆ ಮಳೆಗಾಲದಲ್ಲಿ ನೀರು ನಿಂತು ಕೊಳೆಯುತ್ತದೆ, ಬೇಸಿಗೆಯಲ್ಲಿ ತೇಪೆ ತೇಪೆಯಾಗಿ ಒಣಗುತ್ತದೆ. ಹಾಗಾಗಿ ಅಗೆದು ತೆಗೆಯಲೇಬೇಕು. ಅಗೆದದ್ದು ಕಾಲು ಭಾಗದಷ್ಟು ಉಬ್ಬುತ್ತದೆ: 775 ಘನ ಅಡಿ ಗುಂಡಿಯಿಂದ ಆರೂವರೆ ಲೋಡ್ ಹೊರಗೆ ಹೋಗಬೇಕು. ತರುವ ಮಣ್ಣು ಕೊಟೇಶನ್ನಿನಲ್ಲಿರುತ್ತದೆ, ಹೊರಗೆ ಹಾಕುವುದು ಇರುವುದಿಲ್ಲ. ಕೆಲಸಕ್ಕೆ ಮೊದಲು ಮೂರು ಕಡೆ ಎರಡಡಿ ಚೌಕದ, ಎರಡಡಿ ಆಳದ ಗುಂಡಿ ತೋಡಿಸಿ. ಇಬ್ಬರು ಆಳುಗಳಿಗೆ ಒಂದು ಹೊತ್ತಿನ ಕೆಲಸ. ಸಂಜೆ ಗುಂಡಿಗೆ ನೀರು ತುಂಬಿಸಿ, ಬೆಳಿಗ್ಗೆಯೂ ನೀರು ನಿಂತಿದ್ದರೆ ಇಂಗು ಕಾಲುವೆಯೋ ಡ್ರೈನ್ ಪೈಪೋ ಬೇಕಾಗುತ್ತದೆ ಎಂದು ಅರ್ಥ. ಈ ಮೂರು ಗುಂಡಿಗಳನ್ನು ಇಬ್ಬರೂ ನೋಡಿದ ಮೇಲೆ "ಕೆಳಗೆ ಏನಿತ್ತೋ ಗೊತ್ತಿರಲಿಲ್ಲ" ಎಂಬ ಮಾತಿಗೆ ಜಾಗವಿಲ್ಲ.

ಗಿಡಗಳ ಲೆಕ್ಕ ತಪ್ಪುವುದು ಎರಡು ಕಡೆ. ಒಂದು, ಗಿಡ ಬೆಳೆಸಿರುವ ಪ್ಲಾಸ್ಟಿಕ್ ಬ್ಯಾಗಿನ ಅಳತೆ. ನರ್ಸರಿಯವರು ಗಿಡವನ್ನು ಹೆಸರಿನಿಂದ ಮಾತ್ರವಲ್ಲ, ಬ್ಯಾಗಿನಿಂದಲೂ ಕರೆಯುತ್ತಾರೆ: 5×7, 8×10, 12×14, 21×21 ಇಂಚು. ಒಂದೇ ನಂದಿಬಟ್ಟಲು ಚಿಕ್ಕ ಬ್ಯಾಗಿನಲ್ಲಿ ಒಂದು ಬೆಲೆ, ದೊಡ್ಡದರಲ್ಲಿ ಅದರ ಹಲವು ಪಟ್ಟು. ಕೊಟೇಶನ್ನಿನಲ್ಲಿ "ನಂದಿಬಟ್ಟಲು 20" ಎಂದಷ್ಟೇ ಇದ್ದರೆ, ಚಿಕ್ಕದನ್ನು ತಂದು ನೆಟ್ಟು, ನೀವು ಇಷ್ಟು ಸಣ್ಣದೇ ಎಂದಾಗ ದೊಡ್ಡದಕ್ಕೆ ಹೆಚ್ಚುವರಿ ಕೇಳುತ್ತಾರೆ. ಹೆಸರು, ಬ್ಯಾಗು, ನೆಲದಿಂದ ಗಿಡದ ಎತ್ತರ, ಈ ಮೂರೂ ಬರೆದಿರಲಿ. ದರ ಏರಿತು ಎಂದರೆ ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಿಗೆ ಒಂದು ಬೆಳಿಗ್ಗೆ ಹೋಗಿ ಅದೇ ಬ್ಯಾಗಿನ ಬೆಲೆ ಕೇಳಿ ಬನ್ನಿ. ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬರುವ ದೊಡ್ಡ ಗಿಡಗಳಿಗೆ ಸಾಗಣೆ ಖರ್ಚು ಸೇರುತ್ತದೆ, ಒಪ್ಪೋಣ. ಆದರೆ ಆರು ವಾರದ ಕೆಲಸಕ್ಕೆ ದರ ಏರಿಕೆಯ ಮಾತೇ ಬರಬಾರದು, ಕೊಟೇಶನ್ನು 60 ದಿನಕ್ಕೆ ಸ್ಥಿರ ಎಂದು ಮೊದಲೇ ಬರೆಸಿಕೊಳ್ಳಿ.

ಎರಡನೆಯದು ಗಿಡಗಳ ನಡುವಿನ ಅಂತರ. ನೆಲ ಮುಚ್ಚುವ ಸಣ್ಣ ಗಿಡಗಳನ್ನು ಒಂದಡಿಗೆ ಒಂದರಂತೆ ನೆಟ್ಟರೆ 250 ಚದರ ಅಡಿ ಪಾತಿಗೆ 250 ಗಿಡ. ಒಂಬತ್ತು ಇಂಚಿಗೆ ಒಂದಾದರೆ ಸುಮಾರು 445. ಆರಿಂಚಿಗೆ ಒಂದಾದರೆ 1,000. ಅಂತರ ಅರ್ಧವಾದರೆ ಗಿಡ ನಾಲ್ಕು ಪಟ್ಟು. "ಖಾಲಿ ಖಾಲಿ ಕಾಣ್ತಿದೆ, ಸ್ವಲ್ಪ ಒತ್ತಾಗಿ ಹಾಕಿ" ಎಂದು ಮನೆಯವರೇ ಹೇಳಿಬಿಟ್ಟರೆ ಬಿಲ್ಲು ಬೆಳೆಯುವುದು ಅಲ್ಲೇ. ಒಂಬತ್ತು ಇಂಚಿನ ಅಂತರದಲ್ಲಿ ನೆಟ್ಟ ಪಾತಿ ಒಂದು ಮಳೆಗಾಲದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಗೃಹಪ್ರವೇಶದ ಫೋಟೊಗಾಗಿ ನೂರಾರು ಗಿಡ ಹೆಚ್ಚಿಗೆ ಕೊಳ್ಳುವುದನ್ನು ನಾನಂತೂ ಒಪ್ಪಲಾರೆ. ಒತ್ತಾಗಿ ನೆಟ್ಟದ್ದನ್ನು ವರ್ಷದೊಳಗೆ ಕಿತ್ತು ತೆಳುಮಾಡಬೇಕಾಗುತ್ತದೆ.

ಲಾನಿನಲ್ಲೂ ಕೇಳಬೇಕಾದದ್ದು ಇದೆ: ಹುಲ್ಲಿನ ಹಾಸನ್ನು ಒತ್ತೊತ್ತಾಗಿ ಹಾಸುವುದೋ, ಬಿಡಿ ಎಳೆಗಳನ್ನು ಮೂರು ನಾಲ್ಕು ಇಂಚಿಗೊಂದು ನೆಡುವುದೋ? ಎರಡರ ಖರ್ಚಿಗೂ ಅಜಗಜಾಂತರ. ಅಳೆಯುವಾಗ ಚೇಂಬರಿನ ಮುಚ್ಚಳ, ನಡೆಗಲ್ಲು, ಪಾತಿ ಕಳೆದು ಹುಲ್ಲಿರುವಷ್ಟನ್ನೇ ಲೆಕ್ಕ ಹಿಡಿಯಿರಿ.

ನೀರಾವರಿಯ ಸಾಮಾನನ್ನು ಎಣಿಸುವುದು ಸುಲಭ. 250 ಚದರ ಅಡಿ ಪಾತಿಗೆ ಒಂದೂವರೆ ಅಡಿಗೊಂದು ಸಾಲಿನಂತೆ 16 ಎಂಎಂ ಡ್ರಿಪ್ ಪೈಪು ಸುಮಾರು 50 ಮೀಟರ್ ಸಾಕು. ಕೊಟೇಶನ್ನಿನಲ್ಲಿ ಫಿಲ್ಟರ್ ಇದೆಯೇ ನೋಡಿ. ಬೋರ್‌ವೆಲ್ ನೀರಿಗೆ ಅದಿಲ್ಲದಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ, ಆಮೇಲೆ ಅದೇ ಫಿಲ್ಟರ್ ಹೆಚ್ಚುವರಿಯಾಗಿ ಬರುತ್ತದೆ. ಕಲ್ಲುಹಾಸು ಮತ್ತು ಕಾರು ದಾರಿಯ ಕೆಳಗೆ ಕಾಂಕ್ರೀಟ್ ಹಾಕುವ ಮೊದಲೇ ಒಂದು 110 ಎಂಎಂ ಪಿವಿಸಿ ಪೈಪು ಅಡ್ಡ ಮಲಗಿಸಿಡಬೇಕು. ಮುಂದೆ ನೀರಿನ ಪೈಪು, ಲೈಟಿನ ವೈರು ಅದರೊಳಗೆ ಹೋಗುತ್ತವೆ. ಇದನ್ನು ಮರೆತರೆ ಹಾಕಿದ ಕಲ್ಲನ್ನು ಒಡೆಯಬೇಕು. ಒಡೆಯುವ ಕೂಲಿ, ಮತ್ತೆ ಹಾಕುವ ಕೂಲಿ, ಎರಡೂ ನಿಮ್ಮ ಲೆಕ್ಕಕ್ಕೆ.

ಗಿಡ ನೆಟ್ಟ ಮೇಲಿನ ನೀರು ಯಾರದು ಎಂದೂ ಬರೆದಿರಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು, 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಬೋರ್‌ವೆಲ್ ಇಲ್ಲದವರಿಗೆ ಟ್ಯಾಂಕರ್ ಇಲ್ಲವೇ ಸಂಸ್ಕರಿಸಿದ ನೀರೇ ಗತಿ. 800 ಚದರ ಅಡಿ ಲಾನಿಗೆ ದಿನಕ್ಕೆ 400 ಲೀಟರಿನಷ್ಟು ಬೇಕು, 6,000 ಲೀಟರಿನ ಟ್ಯಾಂಕರ್ ಹದಿನೈದು ದಿನಕ್ಕೆ. ಏಪ್ರಿಲ್‌ನಲ್ಲಿ ಹಾಸಿದರೆ ಇದು ಇನ್ನೂ ಹೆಚ್ಚು. ಜೂನ್‌ವರೆಗೆ ಕಾಯುವುದು ಖರ್ಚಿಗೂ ಗಿಡಕ್ಕೂ ಒಳ್ಳೆಯದು.

ಜಿಎಸ್‌ಟಿಯ ಬಗ್ಗೆ ಒಂದು ಮಾತು. ಗಿಡಗಳ ಮಾರಾಟಕ್ಕೆ ತೆರಿಗೆಯಿಲ್ಲ, ಒಟ್ಟು ಗುತ್ತಿಗೆಯಾಗಿ ಮಾಡಿಸುವ ಲ್ಯಾಂಡ್‌ಸ್ಕೇಪ್ ಕೆಲಸಕ್ಕೆ ಶೇ. 18. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕೊನೆಯ ಬಿಲ್ಲಿನಲ್ಲಿ ಏಕಾಏಕಿ ಶೇ. 18 ಕಾಣಿಸಿಕೊಂಡರೆ 15 ಅಂಕಿ ಅಕ್ಷರಗಳ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ.

ಇನ್ನು ಮನೆಯವರ ಕಡೆಯ ತಪ್ಪು. ಗೋಡೆ ಪಕ್ಕ ಒಂದು ಪಾತಿ ಮಾಡಿಬಿಡಿ, ಆ ಮೂಲೆಗೊಂದು ಲೈಟು ಇರಲಿ ಎಂದು ಬಾಯಲ್ಲಿ ಹೇಳಿ, ಆಮೇಲೆ "ನಾವು ಬರೆದುಕೊಟ್ಟಿರಲಿಲ್ಲ" ಎಂದರೆ ನಡೆಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಅಲ್ಲದೆ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕು. ಹಾಗಾಗಿ ಪ್ರತಿ ಬದಲಾವಣೆಗೂ ವಾಟ್ಸ್ಯಾಪಿನಲ್ಲಾದರೂ ಒಂದು ಚೀಟಿ ಇರಲಿ. ಹೀಗೆ: "12ನೇ ತಾರೀಕು. ಪಶ್ಚಿಮ ಗೋಡೆ ಪಕ್ಕ 40 ಅಡಿ ಉದ್ದ, 2 ಅಡಿ ಅಗಲದ ಹೊಸ ಪಾತಿ. ಒಂದೂವರೆ ಅಡಿ ಅಗೆತ, 120 ಘನ ಅಡಿ ಮಿಶ್ರಣ. ಡುರಾಂಟಾ, 8×10 ಬ್ಯಾಗು, ಅಡಿಗೊಂದರಂತೆ 40. ಒಟ್ಟು ಇಷ್ಟು ರೂಪಾಯಿ, ಎರಡು ದಿನ ಹೆಚ್ಚು." ಆ ಕಡೆಯಿಂದ "ಒಪ್ಪಿದೆ" ಎಂದು ಬಂದ ಮೇಲೆ ಗುದ್ದಲಿ ಬೀಳಲಿ.

ಈಗಾಗಲೇ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡವರು ಏನು ಮಾಡಬೇಕು? ಮೊದಲು ಮುಂದಿನ ಕಂತು ನಿಲ್ಲಿಸಿ, ಕೆಲಸ ನಿಲ್ಲಿಸಬೇಡಿ. ಅದರಲ್ಲೂ ನೀರು ಹಾಕುವುದನ್ನು ನಿಲ್ಲಿಸಲೇಬೇಡಿ. ಗೋಡೆ ಕೆಲಸ ತಿಂಗಳುಗಟ್ಟಲೆ ಅರ್ಧಕ್ಕೆ ನಿಂತರೂ ಗೋಡೆ ಇರುತ್ತದೆ. ಬ್ಯಾಗಿನಲ್ಲಿರುವ ಗಿಡ ಬೇಸಿಗೆಯಲ್ಲಿ ಮೂರು ದಿನ ನೀರಿಲ್ಲದಿದ್ದರೆ ಹೋಯಿತು, ಸತ್ತ ಗಿಡ ಯಾರ ಲೆಕ್ಕ ಎಂಬುದು ಹೊಸ ಜಗಳ. ಗುತ್ತಿಗೆದಾರನ ಕೈ ಮೇಲಾಗುವುದು ಈ ಕಾರಣಕ್ಕೇ, ಆದ್ದರಿಂದ ಪೈಪಿನಲ್ಲಿ ನೀರು ಬರುವ ತನಕ ಗಿಡ ತರಿಸಬಾರದು.

ಒಂದು ದಿನ ಗೊತ್ತುಮಾಡಿ ಇಬ್ಬರೂ ಕೂಡಿ ಅಳೆಯಿರಿ. ಆಗಿರುವ ಕೆಲಸವನ್ನು ಮೊದಲು ಒಪ್ಪಿದ ದರದಲ್ಲಿ ಲೆಕ್ಕ ಹಾಕಿ. 1.8 ಲಕ್ಷ ಕೊಟ್ಟಿದ್ದೀರಿ, ಆದ ಕೆಲಸ 1.4 ಲಕ್ಷದ್ದು ಎಂದುಕೊಳ್ಳಿ. ಆತ ಇನ್ನೂ 60,000 ಕೇಳುತ್ತಿದ್ದರೆ ಕೊಡುವುದು ಸಾಧ್ಯವಿಲ್ಲ, ಯಾಕೆಂದರೆ 40,000 ಆಗಲೇ ಮುಂದಿದೆ. ವಾಪಸು ಕೊಡು ಎಂದು ಕೂರಬೇಡಿ, ಕೆಲಸ ಹಣದ ಸಮಕ್ಕೆ ಬರಲಿ ಎನ್ನಿ. ಉಳಿದ ಕೆಲಸಕ್ಕೆ ಅಳತೆ ಸಹಿತ ಹೊಸ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ನಿಜವಾಗಿ ಡೆಬ್ರಿಸ್ ಸಿಕ್ಕಿದ್ದರೆ ಅದರ ಹಣ ಕೊಡಿ. ನ್ಯಾಯವಾದದ್ದನ್ನೂ ತಡೆಹಿಡಿದರೆ ಆತ ಅದನ್ನು ಗೊಬ್ಬರದಲ್ಲೋ ಗಿಡದಲ್ಲೋ ಉಳಿಸಿಕೊಳ್ಳುತ್ತಾನೆ, ನಷ್ಟ ನಿಮ್ಮ ತೋಟಕ್ಕೆ. ಮಣ್ಣು, ಗಿಡ ನಾವೇ ತರಿಸುತ್ತೇವೆ ಎಂದು ಬಿಡಿಸಿಕೊಳ್ಳುವುದೂ ಒಂದು ದಾರಿ, ಆದರೆ ಆಗ ಗಿಡ ಸತ್ತರೆ ಬದಲಿ ಕೊಡುವ ಹೊಣೆ ಆತನ ಮೇಲಿರುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಏಳು ದಿನದ ಗಡುವಿನ ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆತನ ಸಲಕರಣೆ ಹಿಡಿದಿಟ್ಟುಕೊಳ್ಳಬೇಡಿ, ಅದರಿಂದ ನಿಮ್ಮ ಕೇಸೇ ಹಾಳಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸೇವೆಯ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಳತೆ ಪಟ್ಟಿ, ಟಿಪ್ಪರ್ ಫೋಟೊ, ವಾಟ್ಸ್ಯಾಪ್ ಚೀಟಿಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಹೊಸದಾಗಿ ಶುರುಮಾಡುವವರು ಅರ್ಧ ಹಣ ಅಡ್ವಾನ್ಸ್ ಎಂಬುದಕ್ಕೆ ಒಪ್ಪಬೇಡಿ. ಶುರುವಿಗೆ ಶೇ. 10, ಅಗೆದು ಮಟ್ಟ ಮಾಡಿದ ಮೇಲೆ 20, ಕಲ್ಲು ಮತ್ತು ಪೈಪು ಮುಗಿದು ನೀರು ಹರಿದ ಮೇಲೆ 30, ಗಿಡ ಮತ್ತು ಲಾನ್ ಆದ ಮೇಲೆ 25, ಮೂವತ್ತನೇ ದಿನ 10. ಕೊನೆಯ ಶೇ. 5 ತೊಂಬತ್ತನೇ ದಿನಕ್ಕೆ. ಆ ದಿನ ಪಟ್ಟಿ ಹಿಡಿದು ಪಾತಿ ಪಾತಿ ಸುತ್ತಿ ಒಣಗಿದ ಗಿಡ ಎಣಿಸಿ, ಬದಲಿ ನೆಡಿಸಿ. ಪೈಪು ಹೋದ ದಾರಿಯ ಫೋಟೊಗಳನ್ನು ಗೋಡೆಯಿಂದ ಎಷ್ಟಡಿ ಎಂಬ ಟೇಪಿನ ಗುರುತಿನ ಸಹಿತ ಪಡೆದುಕೊಂಡು ಹಣ ಕೊಟ್ಟುಬಿಡಿ.