ಬಣ್ಣ ನೋಡಿ ಸಿಕ್ಲಿಡ್ ಜೋಡಿ ಕಟ್ಟಬೇಡಿ

ಅಂಗಡಿಗಳಲ್ಲಿ ‘ಮಿಕ್ಸ್ ಆಫ್ರಿಕನ್’ ಎಂದು ಮಾರುವ ಮೀನುಗಳಲ್ಲಿ ಹೆಚ್ಚಿನವು ಮಲಾವಿ ಸರೋವರದ ಎಂಬೂನಾಗಳು, ಅಂದರೆ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್ ಮೀನುಗಳು. ನೀಲಿ ಇದ್ದರೆ ಗಂಡು, ಹಳದಿ ಇದ್ದರೆ ಹೆಣ್ಣು ಎಂದು ಜೋಡಿ ಕಟ್ಟಿ ಕೊಡುವುದು ವಾಡಿಕೆ. ಜೊಹಾನಿ ಎಂಬ ಜಾತಿಗೆ ಈ ಲೆಕ್ಕ ಸರಿ. ಅದರ ಮರಿ, ಹೆಣ್ಣು ಕಿತ್ತಳೆ-ಹಳದಿ, ಬೆಳೆದ ಗಂಡು ಕಡುನೀಲಿ. ಕೆನ್ಯಿ ಎಂಬ ಇನ್ನೊಂದು ಜಾತಿಯಲ್ಲಿ ಪೂರಾ ಉಲ್ಟಾ: ಮರಿ, ಹೆಣ್ಣು ತಿಳಿನೀಲಿ, ಗಂಡು ಹಳದಿ. ಹಾಗಾಗಿ ನೀಲಿ ಕೆನ್ಯಿಗಳನ್ನೇ ಆರಿಸಿ ‘ಎಲ್ಲ ಗಂಡು’ ಎಂದು ತಂದವರ ಟ್ಯಾಂಕಿನಲ್ಲಿ ಕೆಲವು ತಿಂಗಳಲ್ಲಿ ಒಂದೆರಡು ಹಳದಿಗೆ ತಿರುಗಿ ಉಳಿದವುಗಳ ರೆಕ್ಕೆ ಹರಿಯತೊಡಗುತ್ತವೆ. ಯೆಲ್ಲೋ ಲ್ಯಾಬ್ ಜಾತಿಯಲ್ಲಂತೂ ಗಂಡು ಹೆಣ್ಣು ಎರಡೂ ಹಳದಿಯೇ.

ಮೊದಲು ಜಾತಿ ಗುರುತಿಸಿ, ಲಿಂಗ ಆಮೇಲೆ. ಬಣ್ಣಕ್ಕಿಂತ ಗೆರೆಗಳ ದಿಕ್ಕು ನಂಬಬಹುದಾದ ಗುರುತು. ಆರಾಟಸ್‌ಗೆ ತಲೆಯಿಂದ ಬಾಲದವರೆಗೆ ಉದ್ದಗೆರೆ. ಕೆನ್ಯಿ, ಜೀಬ್ರಾಗಳಿಗೆ ಬೆನ್ನಿಂದ ಹೊಟ್ಟೆಗಿಳಿಯುವ ಪಟ್ಟಿ. ಒಂದೇ ಮೀನಿನಲ್ಲಿ ಎರಡೂ ಅರೆಬರೆಯಾಗಿ ಕಂಡರೆ ಬೆರಕೆ ಇರಬಹುದು. ಅದಕ್ಕೆ ಜಾತಿಯ ಹೆಸರು ಹುಡುಕುವುದು ವ್ಯರ್ಥ. ಬಲೆಗೆ ಬಿದ್ದ ಮೀನು ಹೆದರಿ ಬಣ್ಣ ಕಳೆದುಕೊಳ್ಳುತ್ತದೆ, ಆದ್ದರಿಂದ ಟ್ಯಾಂಕಿನಲ್ಲಿ ನೆಮ್ಮದಿಯಾಗಿ ಈಜುವಾಗಲೇ ಪಕ್ಕದಿಂದ ಫೋಟೋ ತೆಗೆಯಿರಿ.

ಗುದರೆಕ್ಕೆಯ (ಹೊಟ್ಟೆಯಡಿ ಬಾಲದ ಕಡೆಗಿರುವ ರೆಕ್ಕೆ) ಮೇಲೆ ಮೊಟ್ಟೆಯಂತೆ ಕಾಣುವ ಹಳದಿ ಚುಕ್ಕೆ ಇದ್ದರೆ ಗಂಡೇ ಎನ್ನುವ ಮಾತೂ ಅರ್ಧಸತ್ಯ. ಹಲವು ಎಂಬೂನಾ ಹೆಣ್ಣುಗಳಿಗೂ ಚುಕ್ಕೆ ಇರುತ್ತವೆ, ಹೆಚ್ಚಾಗಿ ಮಸುಕಾಗಿ. ಇನ್ನೊಂದು ತೊಡಕು: ಬಲಶಾಲಿ ಗಂಡಿಗೆ ಹೆದರಿದ ಉಳಿದ ಗಂಡುಗಳು ಹೆಣ್ಣಿನ ಬಣ್ಣದಲ್ಲೇ ಉಳಿದುಬಿಡಬಹುದು. ದೊಡ್ಡದನ್ನು ತೆಗೆದಾಗ ‘ಹೆಣ್ಣು’ ಬಣ್ಣ ಬದಲಿಸುವುದು ಇದೇ ಕಾರಣಕ್ಕೆ.

ಅನುಮಾನ ಉಳಿದರೆ ಹೊಟ್ಟೆಯಡಿ ನೋಡಬೇಕು. ಮೀನು ಸುಮಾರು 7 ಸೆಂ.ಮೀ. ಆದ ಮೇಲೆ ನೋಡಿ, ಅದಕ್ಕಿಂತ ಚಿಕ್ಕದರಲ್ಲಿ ವ್ಯತ್ಯಾಸ ಸ್ಪಷ್ಟವಾಗುವುದಿಲ್ಲ. ಹಿಂದಿನ ದಿನ ಆಹಾರ ಹಾಕಬೇಡಿ, ಹಿಡಿದಾಗ ಹಿಕ್ಕೆ ಬಂದರೆ ಏನೂ ಕಾಣದು. ಟ್ಯಾಂಕಿನ ನೀರಿನಲ್ಲೇ ಕೈ ಒದ್ದೆ ಮಾಡಿ, ಏಕೆಂದರೆ ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಮೀನನ್ನು ಅಂಗೈಯಲ್ಲಿ ಮಗುಚಿ, ತಲೆಯನ್ನು ಬೆರಳುಗಳಿಂದ ಮುಚ್ಚಿದರೆ ಒದ್ದಾಟ ಕಡಿಮೆ. ಗುದರೆಕ್ಕೆಯ ಮುಂದೆ ಎರಡು ರಂಧ್ರಗಳಿವೆ. ತಲೆಯ ಕಡೆಯದು ಗುದದ್ವಾರ, ಬಾಲದ ಕಡೆಯದು ಜನನರಂಧ್ರ. ಗಂಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಹೆಣ್ಣಿನಲ್ಲಿ ಮೊಟ್ಟೆ ಹೊರಬರಬೇಕಾದ್ದರಿಂದ ಹಿಂದಿನದು ಗುದದ್ವಾರಕ್ಕಿಂತ ಅಗಲ. ಅರ್ಧ ನಿಮಿಷದೊಳಗೆ ವಾಪಸ್ ನೀರಿಗೆ ಬಿಡಿ. ಒಂಟಿ ಮೀನನ್ನು ನೋಡಿ ತೀರ್ಮಾನಿಸಲು ಹೋಗಬೇಡಿ. ಅದೇ ಜಾತಿಯ, ಅದೇ ಗಾತ್ರದ ನಾಲ್ಕೈದನ್ನು ಒಂದಾದ ಮೇಲೊಂದು ನೋಡಿದರೆ ಅಂತರ ತಾನಾಗೇ ಕಣ್ಣಿಗೆ ಬೀಳುತ್ತದೆ.

ಗಂಟಲು ಉಬ್ಬಿಸಿಕೊಂಡು ಆಹಾರ ಬಿಟ್ಟ ಎಂಬೂನಾ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಹೆಣ್ಣು. ಅದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ಹಿಡಿದರೆ ಮೊಟ್ಟೆ ಉಗುಳಿಬಿಡುತ್ತದೆ.

ಮಧ್ಯ ಅಮೆರಿಕದ ಕಾನ್ವಿಕ್ಟ್ ಸಿಕ್ಲಿಡ್‌ನಲ್ಲಿ ಕೆಲಸ ಸುಲಭ. ಹೊಟ್ಟೆಯ ಬದಿಯಲ್ಲಿ ಕಿತ್ತಳೆ ಹೊಳಪಿದ್ದರೆ ಅದು ಹೆಣ್ಣು. ಗಂಡು ದೊಡ್ಡದು, ರೆಕ್ಕೆಯ ತುದಿ ಚೂಪು. ಆದರೆ ಬಿಳಿ-ಗುಲಾಬಿ ತಳಿಯಲ್ಲಿ ಈ ಹೊಳಪು ಅಷ್ಟು ಎದ್ದು ಕಾಣದು. ಆಸ್ಕರ್, ಏಂಜೆಲ್ ಮೀನು ಕೊಳ್ಳುವವರು ಜೋಡಿಯ ಭರವಸೆಗೆ ಹೆಚ್ಚುವರಿ ದುಡ್ಡು ಕೊಡಬೇಡಿ. ಮೊಟ್ಟೆ ಇಡುವ ಹೊತ್ತಿಗೆ ಹೊರಬರುವ ನಳಿಕೆ, ಗಂಡಿಗೆ ಸಣ್ಣ ಚೂಪು, ಹೆಣ್ಣಿಗೆ ದಪ್ಪ ಮೊಂಡು, ಕಾಣುವವರೆಗೆ ಮಾರುವವರಿಗೂ ಗೊತ್ತಿರುವುದಿಲ್ಲ. ಎಳೆಯ ಆರು ಮೀನು ತಂದು ಒಟ್ಟಿಗೆ ಬೆಳೆಸಿ, ಜೋಡಿ ಅವೇ ಆರಿಸಿಕೊಳ್ಳುತ್ತವೆ.